ಪುಲಿಕೇಶಿಯೋ, ಪುಲಕೇಶಿಯೋ? ಒಂದು ಅರಸು ಹೆಸರಿನ ಹುಟ್ಟು ಮತ್ತು ಅರ್ಥ

ಕನ್ನಡಿಗರೆಲ್ಲರೂ ಬಲ್ಲ, ಆದರೆ ಬಲು ಕಡಿಮೆ ಮಂದಿ ತಮ್ಮ ಮಕ್ಕಳಿಗೆ ಇಡುವ ಹೆಸರೊಂದಿದೆ. ಶಾಲೆಯ ಪಠ್ಯಪುಸ್ತಕದಲ್ಲಿ ಅದು ಬರುತ್ತದೆ, ರಾಜ್ಯೋತ್ಸವದ ಭಾಷಣಗಳಲ್ಲಿ ಬರುತ್ತದೆ, ಬೆಂಗಳೂರಿನ ಬಡಾವಣೆಯೊಂದರ ನಾಮಫಲಕದಲ್ಲಿಯೂ ಇದೆ. ಆದರೂ ತರಗತಿಯ ಹಾಜರಿ ಪುಸ್ತಕದಲ್ಲಿ ಈ ಹೆಸರು ಸಿಕ್ಕರೆ ಉಪಾಧ್ಯಾಯರು ಒಮ್ಮೆ ತಲೆಯೆತ್ತಿ ಹುಡುಗನ ಮುಖ ನೋಡುವುದುಂಟು. ವಿಕ್ರಮಾದಿತ್ಯ, ಕೃಷ್ಣದೇವರಾಯ, ಹರ್ಷ ಮುಂತಾದ ಅರಸರ ಹೆಸರುಗಳು ಸಲೀಸಾಗಿ ಮನೆಮನೆಗೆ ಇಳಿದು ಬಂದವು. ಇದು ಮಾತ್ರ ಸಿಂಹಾಸನದ ಮೇಲೆಯೇ ಉಳಿಯಿತು.

ಬಾದಾಮಿ ಚಾಲುಕ್ಯರ ಪುಲಕೇಶಿ ಎಂಬ ಹೆಸರಿನ ಮಾತಿದು. ಅಥವಾ ಪುಲಿಕೇಶಿ. ಅಥವಾ, ಶಾಸನವನ್ನೇ ಪ್ರಮಾಣವಾಗಿ ಹಿಡಿಯುವುದಾದರೆ, ಪೊಲೆಕೇಶಿ. ತೊಡಕು ಆರಂಭವಾಗುವುದೇ ಇಲ್ಲಿಂದ. ಹೆಸರಿನ ಅರ್ಥವೇನು ಎಂದು ಕೇಳುವುದಕ್ಕೆ ಮುನ್ನ ಹೆಸರು ಯಾವುದು ಎಂಬುದನ್ನೇ ಇತ್ಯರ್ಥ ಮಾಡಿಕೊಳ್ಳಬೇಕಾಗಿದೆ. ಇದು ಕಾಗುಣಿತದ ಸಣ್ಣ ಜಗಳವೆಂದು ತಳ್ಳಿಹಾಕುವಂತಿಲ್ಲ. ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಅರಸನ ಹೆಸರು ಕನ್ನಡದ್ದೋ ಸಂಸ್ಕೃತದ್ದೋ ಎಂಬ ಪ್ರಶ್ನೆಯ ಉತ್ತರ ಈ ಒಂದೆರಡು ಸ್ವರಾಕ್ಷರಗಳಲ್ಲಿಯೇ ಅಡಗಿದೆ.

ಹುಲಿಯ ಕೂದಲೋ, ಮಹಾಸಿಂಹವೋ?

ಹೆಸರಿನ ಅರ್ಥವನ್ನು ಕುರಿತು ಎರಡು ಪ್ರಸಿದ್ಧ ವಾದಗಳಿವೆ. ಮೊದಲನೆಯದು ಜೆ.ಎಫ್. ಫ್ಲೀಟ್ ಅವರದು. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದು, ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು ಶಾಸನಗಳಿಂದ ಹೆಕ್ಕಿ ಬರೆದ ಈ ವಿದ್ವಾಂಸರು ಇದನ್ನು ಕನ್ನಡ ಮತ್ತು ಸಂಸ್ಕೃತ ಬೆರೆತ ಪದವೆಂದು ಊಹಿಸಿದರು. ಹುಲಿಗೆ ಹಳಗನ್ನಡದಲ್ಲಿ ‘ಪುಲಿ’ ಎನ್ನುತ್ತಾರೆ. ‘ಕೇಶಿ’ ಎಂದರೆ ಕೂದಲುಳ್ಳವನು. ಒಟ್ಟು ಅರ್ಥ, ಹುಲಿಯ ಮೈಗೂದಲಿನಂತೆ ಗಿಡ್ಡನೆಯ, ದಟ್ಟವಾದ ಕೂದಲುಳ್ಳವನು. ಇಂದು ಮಕ್ಕಳ ಹೆಸರಿನ ಪುಸ್ತಕಗಳಲ್ಲಿ ಕಾಣಸಿಗುವ ‘ಹುಲಿಯಂಥವನು’ ಎಂಬ ಅರ್ಥಕ್ಕೆ ಇದೇ ಮೂಲ. ಫ್ಲೀಟ್ ಹೇಳಿದ್ದು ಕೂದಲಿನ ಮಾತು, ಶೌರ್ಯದ ಮಾತಲ್ಲ. ಶೌರ್ಯವನ್ನು ಸೇರಿಸಿದವರು ನಾವು.

ಎರಡನೆಯದು ಕೆ.ಎ. ನೀಲಕಂಠ ಶಾಸ್ತ್ರಿಗಳ ವಾದ. ದಕ್ಷಿಣ ಭಾರತದ ಇತಿಹಾಸ ಬರೆದವರಲ್ಲಿ ಅಗ್ರಗಣ್ಯರಾದ ಶಾಸ್ತ್ರಿಗಳು ಇಡೀ ಹೆಸರನ್ನು ಸಂಸ್ಕೃತದಿಂದಲೇ ಬಿಡಿಸಿದರು. ‘ಪುಲ್’ ಎಂಬ ಧಾತುವಿಗೆ ದೊಡ್ಡದಾಗು ಎಂಬ ಅರ್ಥವಿದೆ. ಅದರಿಂದ ‘ಪುಲ’ ಎಂದರೆ ಮಹತ್ತಾದುದು. ‘ಕೇಶಿನ್’ ಎಂದರೆ ಕೇಸರವುಳ್ಳದ್ದು, ಅಂದರೆ ಸಿಂಹ. ಹೀಗೆ ಪುಲಕೇಶಿ ಎಂದರೆ ಮಹಾಸಿಂಹ.

ಇವೆರಡರ ನಡುವೆ ಜನರ ಬಾಯಲ್ಲಿ ಮೂರನೆಯದೊಂದು ವ್ಯಾಖ್ಯಾನವೂ ಓಡಾಡುತ್ತದೆ. ಪುಲಕ ಎಂದರೆ ರೋಮಾಂಚ. ಆದ್ದರಿಂದ ರೋಮ ನಿಮಿರಿದವನೇ ಪುಲಕೇಶಿ ಎಂಬುದು. ಕೇಳಲು ಇಂಪಾಗಿದೆ. ಆದರೆ ಪುಲಕಕ್ಕೆ ಕೇಶಿ ಸೇರಿದರೆ ‘ಪುಲಕಕೇಶಿ’ ಆಗಬೇಕೇ ಹೊರತು ಪುಲಕೇಶಿ ಅಲ್ಲ. ನಡುವಿನ ಒಂದು ಕಕಾರ ಎಲ್ಲಿ ಹೋಯಿತು ಎಂಬುದಕ್ಕೆ ಈ ವ್ಯಾಖ್ಯಾನದಲ್ಲಿ ಉತ್ತರವಿಲ್ಲ.

ಹುಲಿ, ಸಿಂಹ ಎರಡೂ ಅರಸನಿಗೆ ಒಪ್ಪುವ ಪ್ರಾಣಿಗಳೇ ಆದುದರಿಂದ ಓದುಗರು ತಮಗೆ ಬೇಕಾದುದನ್ನು ಆರಿಸಿಕೊಳ್ಳಬಹುದೆಂದು ತೋರಬಹುದು. ಆದರೆ ಎರಡು ವಾದಗಳೂ ಹೆಸರು ‘ಪುಲಿ’ ಅಥವಾ ‘ಪುಲ’ ಎಂದೇ ಆರಂಭವಾಗುತ್ತದೆ ಎಂದು ಭಾವಿಸಿವೆ. ಈ ಅರಸರ ಕಾಲದ ಅತಿ ಮುಖ್ಯ ದಾಖಲೆ ಬೇರೆಯದನ್ನೇ ಹೇಳುತ್ತಿದೆ.

ಐಹೊಳೆಯ ಗೋಡೆ ಹೇಳುವುದೇನು?

ಬಾಗಲಕೋಟೆ ಜಿಲ್ಲೆಯ ಐಹೊಳೆಯ ದಿಬ್ಬದ ಮೇಲೆ ಮೇಗುತಿ ಎಂಬ ಜಿನಾಲಯವಿದೆ. ಅದನ್ನು ಕಟ್ಟಿಸಿದವನು ರವಿಕೀರ್ತಿ. ಅದರ ಗೋಡೆಯ ಮೇಲಿನ ಶಾಸನವನ್ನು ರಚಿಸಿದವನೂ ಅವನೇ. ಶಕವರ್ಷ 556ರ, ಅಂದರೆ ಕ್ರಿ.ಶ. 634–35ರ ಈ ಶಾಸನ ಲಿಪಿಯಲ್ಲಿ ಹಳಗನ್ನಡ, ಭಾಷೆಯಲ್ಲಿ ಸಂಸ್ಕೃತ. 37 ಪದ್ಯಗಳ ಒಂದು ಪುಟ್ಟ ಕಾವ್ಯವೇ ಸರಿ. ಕೊನೆಯಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ ಮತ್ತು ಭಾರವಿಯರ ಸಾಲಿಗೆ ಸೇರಿಸಿಕೊಂಡಿರುವುದು ಸಾಹಿತ್ಯ ಚರಿತ್ರೆಕಾರರಿಗೆ ಆ ಇಬ್ಬರು ಕವಿಗಳ ಕಾಲನಿರ್ಣಯಕ್ಕೆ ಒದಗಿದ ದೊಡ್ಡ ಆಧಾರ. ಹರ್ಷನ ಸೋಲಿನ ಪ್ರಸಿದ್ಧ ವರ್ಣನೆ ಇರುವುದೂ ಇದರಲ್ಲಿಯೇ.

ಈ ಶಾಸನದಲ್ಲಿ ಹೆಸರು ಎರಡು ಬಾರಿ ಮುಖ್ಯವಾಗಿ ಬರುತ್ತದೆ. ಒಮ್ಮೆ ವಾತಾಪಿ ಎಂಬ ವಧುವಿಗೆ ವರನಾದ ಅಜ್ಜನಿಗೆ, ಇನ್ನೊಮ್ಮೆ ರವಿಕೀರ್ತಿಯ ಆಶ್ರಯದಾತನಾದ ಮೊಮ್ಮಗನಿಗೆ. ಎರಡೂ ಕಡೆ ಇರುವ ರೂಪ ಪೊಲೆಕೇಶಿ. ಅಂದಿನ ಲಿಪಿಯಲ್ಲಿ ಎ ಮತ್ತು ಏ, ಒ ಮತ್ತು ಓ ಇವುಗಳಿಗೆ ಬೇರೆಬೇರೆ ಚಿಹ್ನೆಗಳು ಇರಲಿಲ್ಲ. ಹಾಗಾದರೆ ಇದನ್ನು ಪೊಲೆಕೇಶಿ ಎಂದು ಓದಬೇಕೋ, ಪೋಲೇಕೇಶಿ ಎಂದೋ? ಬರಹ ನೋಡಿ ಹೇಳಲಾಗದು. ಛಂದಸ್ಸು ನೋಡಿ ಹೇಳಬಹುದು.

ಮೊಮ್ಮಗನ ಹೆಸರು ಬರುವ ಪದ್ಯ ವಸಂತತಿಲಕ ವೃತ್ತದಲ್ಲಿದೆ. ಈ ವೃತ್ತದಲ್ಲಿ ಪಾದಕ್ಕೆ 14 ಅಕ್ಷರ. ಯಾವುದು ಗುರು, ಯಾವುದು ಲಘು ಎಂಬುದು ಖಚಿತವಾಗಿ ನಿಗದಿಯಾಗಿದೆ. ಅರಸನ ಹೆಸರು ಪಾದದ ಒಂಬತ್ತನೆಯ ಅಕ್ಷರದಿಂದ ತೊಡಗುತ್ತದೆ. ಒಂಬತ್ತು ಮತ್ತು ಹತ್ತನೆಯ ಅಕ್ಷರಗಳು ಲಘು ಆಗಲೇಬೇಕು, ಹನ್ನೊಂದನೆಯದು ಗುರು. ಅಂದರೆ ‘ಪೊ’ ಹ್ರಸ್ವ, ‘ಲೆ’ ಹ್ರಸ್ವ, ‘ಕೇ’ ದೀರ್ಘ. ಅಜ್ಜನ ಹೆಸರಿರುವ ಆರ್ಯಾ ಪದ್ಯದ ಮಾತ್ರೆಗಳನ್ನು ಎಣಿಸಿದರೂ ಇದೇ ಫಲ ಬರುತ್ತದೆ. ಮೊದಲೆರಡು ಅಕ್ಷರಗಳನ್ನು ಹ್ರಸ್ವವಾಗಿ ಹಿಡಿದರೆ ಲೆಕ್ಕ ಸರಿಹೋಗುತ್ತದೆ, ದೀರ್ಘವಾಗಿ ಹಿಡಿದರೆ ಎರಡು ಮಾತ್ರೆ ಹೆಚ್ಚಾಗುತ್ತದೆ. ಶಾಲೆಯಲ್ಲಿ ಗುರು-ಲಘು ಹಾಕಿ ಪ್ರಸ್ತಾರ ಹಾಕುವುದನ್ನು ಕಲಿತವರು ಈ ಪರೀಕ್ಷೆಯನ್ನು ತಾವೇ ಮಾಡಿ ನೋಡಬಹುದು.

ಇದರಲ್ಲಿ ವಿಶೇಷವೇನೆಂದರೆ, ಸಂಸ್ಕೃತದಲ್ಲಿ ಹ್ರಸ್ವ ಎಕಾರವೂ ಇಲ್ಲ, ಹ್ರಸ್ವ ಒಕಾರವೂ ಇಲ್ಲ. ಅವು ಕನ್ನಡ, ತಮಿಳು, ತೆಲುಗುಗಳ ಸ್ವತ್ತು. ಕಾಳಿದಾಸನಿಗೆ ಸಮಾನನೆಂದು ಹೇಳಿಕೊಂಡ ಕವಿಯೊಬ್ಬ ಸಂಸ್ಕೃತಕ್ಕೆ ಪರಕೀಯವಾದ ಎರಡು ಸ್ವರಗಳನ್ನು ಶುದ್ಧ ಸಂಸ್ಕೃತ ಪದ್ಯದೊಳಕ್ಕೆ ಬಿಟ್ಟುಕೊಂಡಿದ್ದಾನೆ. ಛಂದಸ್ಸಿಗಾಗಿ ಆಶ್ರಯದಾತನ ಹೆಸರನ್ನು ತಿರುಚುವ ಧೈರ್ಯ ಅವನಿಗೆ ಇರಲಿಲ್ಲವೋ, ಇಚ್ಛೆಯೇ ಇರಲಿಲ್ಲವೋ. ಅಂತೂ ಅರಮನೆಯಲ್ಲಿ ಆ ಹೆಸರನ್ನು ಹೇಗೆ ಕೂಗುತ್ತಿದ್ದರೋ ಹಾಗೆಯೇ ಕಲ್ಲಿನ ಮೇಲೆ ಇಳಿಸಿದ್ದಾನೆ. ಹದಿಮೂರು ಶತಮಾನಗಳಿಗೂ ಹಿಂದಿನ ಉಚ್ಚಾರಣೆಯೊಂದು ಧ್ವನಿಮುದ್ರಣವಾದಂತೆ ನಮಗೆ ಉಳಿದುಬಂದಿರುವುದು ಈ ಕಾರಣದಿಂದ.

ಇಷ್ಟಾದ ಮೇಲೆ ಹೆಸರಿನ ಪೂರ್ವಾರ್ಧ ದೇಶೀ ಎಂದು ಧಾರಾಳವಾಗಿ ಹೇಳಬಹುದು. ಉತ್ತರಾರ್ಧದ ದೀರ್ಘ ‘ಕೇ’ ಸಂಸ್ಕೃತದ ಕೇಶಿ ಶಬ್ದಕ್ಕೆ ಹೊಂದುತ್ತದೆ. ಬೆರಕೆ ಪದ ಎಂದ ಫ್ಲೀಟ್ ಅವರ ಮಾತಿನ ಆ ಭಾಗ ನಿಲ್ಲುತ್ತದೆ. ಕನ್ನಡ ಮತ್ತು ಸಂಸ್ಕೃತ ಪದಗಳನ್ನು ಹೀಗೆ ಕೂಡಿಸುವುದನ್ನು ನಮ್ಮ ವ್ಯಾಕರಣಕಾರರು ಅರಿಸಮಾಸವೆಂದು ಕರೆದು ದೋಷವೆಂದರು. ಆದರೆ ಬಿರುದಾವಳಿಗಳಲ್ಲಿ ಅದಕ್ಕೆ ರಿಯಾಯಿತಿ ಕೊಟ್ಟರು. ಅರಸರ ಹೆಸರಿಗೆ ವೈಯಾಕರಣರು ಅಡ್ಡಬರಲಿಲ್ಲ.

ಹಾಗಾದರೆ ಪೊಲೆ ಎಂದರೇನು? ಇಲ್ಲಿ ಮಾತ್ರ ಎಚ್ಚರದಿಂದ ಹೆಜ್ಜೆಯಿಡಬೇಕು. ಪುಲಿ ಎಂಬ ಇಕಾರಾಂತ ಪದ ಪೊಲೆ ಎಂಬ ಎಕಾರಾಂತವಾಗುವುದು ಹಳಗನ್ನಡದಲ್ಲಿ ಸಹಜವಾದ ಮಾರ್ಪಾಡಲ್ಲ. ಹೊಳೆಯುವುದು ಎಂಬರ್ಥದ ‘ಪೊಳೆ’ಯನ್ನು ತಂದು ಹೊಳೆಯುವ ಕೂದಲಿನವನು ಎಂದು ಅರ್ಥ ಮಾಡುವ ಆಸೆ ಯಾರಿಗಾದರೂ ಬರಬಹುದು, ಆದರೆ ಶಾಸನದ ಪ್ರಕಟಿತ ಪಾಠದಲ್ಲಿರುವುದು ಲಕಾರ, ಳಕಾರವಲ್ಲ. ಲ ಮತ್ತು ಳಗಳ ವ್ಯತ್ಯಾಸವನ್ನು ಆ ಕಾಲದವರು ನಮಗಿಂತ ಚೆನ್ನಾಗಿ ಕಾಪಾಡಿಕೊಂಡಿದ್ದರು. ಮುಂದೆ ಹೊಲೆ ಎಂದಾಗಿ ಸೂತಕ, ಮೈಲಿಗೆ ಎಂಬ ಅರ್ಥದಲ್ಲಿ ಉಳಿದ ಪೊಲೆ ಎಂಬ ಪದವೂ ಹಳಗನ್ನಡದಲ್ಲಿದೆ. ಅಶ್ವಮೇಧ ಮಾಡಿದ ಅರಸನ ಹೆಸರಿಗೆ ಆ ಅರ್ಥವನ್ನು ಹೊಂದಿಸುವುದು ಕಷ್ಟ. ಈ ಲೇಖಕನ ಅಭಿಪ್ರಾಯದಲ್ಲಿ ಹುಲಿಯ ವಾದ ಸುಂದರವಾದರೂ ದುರ್ಬಲ, ಮಹಾಸಿಂಹದ ವಾದ ಅದಕ್ಕಿಂತಲೂ ದುರ್ಬಲ.

ಚೀನಾದ ಕಿವಿ, ಪರ್ಷಿಯಾದ ಪತ್ರ

ಪೊಲೆಕೇಶಿಯೇ ಮೂಲವಾದರೆ ಪುಲಕೇಶಿ ಎಂಬುದು ಮುಂದಿನವರು ತಿದ್ದಿದ ರೂಪವೇ? ಪೂರ್ತಿ ಹಾಗೆನ್ನುವಂತಿಲ್ಲ. ಚಾಲುಕ್ಯರ ದಾಖಲೆಗಳಲ್ಲಿ ಎರಡೂ ರೂಪಗಳು ಕಾಣಿಸುತ್ತವೆ. ಅದಕ್ಕಿಂತ ಸ್ವಾರಸ್ಯಕರವಾದ ಸಾಕ್ಷಿ ಹೊರಗಿನಿಂದ ಬಂದಿದೆ. ಐಹೊಳೆಯ ಶಾಸನ ಕೆತ್ತಿದ ಕೆಲವೇ ವರ್ಷಗಳ ಅನಂತರ, ಸುಮಾರು 641ರಲ್ಲಿ, ಚೀನಾದ ಬೌದ್ಧ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಇಮ್ಮಡಿ ಪುಲಕೇಶಿಯ ನಾಡಿಗೆ ಬಂದನು. ಇಲ್ಲಿನ ಜನ ಸ್ವಾಭಿಮಾನಿಗಳು, ಉಪಕಾರ ಸ್ಮರಿಸುವವರು, ಅಪಮಾನ ಮರೆಯದವರು ಎಂದು ಬರೆದನು. ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುತ್ತಿದ್ದರೆಂಬುದನ್ನೂ ಬಿಡದೆ ದಾಖಲಿಸಿದನು. ಅರಸನ ಹೆಸರನ್ನು ಅವನು ಚೀನೀ ಅಕ್ಷರಗಳಲ್ಲಿ ಬರೆದುದನ್ನು ‘ಪು-ಲೊ-ಕಿ-ಶೆ’ ಎಂದು ಓದುತ್ತಾರೆ. ಎರಡನೆಯ ಅಕ್ಷರ ಭಾರತೀಯ ಹೆಸರುಗಳಲ್ಲಿನ ಲ ಅಥವಾ ರ ಧ್ವನಿಗೆ ಅವನು ಬಳಸುವ ಅಕ್ಷರ. ಅಂದರೆ ಅವನ ಕಿವಿಗೆ ಬಿದ್ದದ್ದು ಪುಲಕೇಶಿಗೆ ಹತ್ತಿರವಾದ ರೂಪ. ಮನೆಯಲ್ಲಿ ಪೊಲೆಕೇಶಿ, ಸಂಸ್ಕೃತ ಬಲ್ಲ ಭಿಕ್ಷುಗಳ ಬಾಯಲ್ಲಿ ಪುಲಕೇಶಿ ಎಂದು ಆ ಅರಸನ ಜೀವಿತಕಾಲದಲ್ಲಿಯೇ ಎರಡು ಉಚ್ಚಾರಣೆಗಳು ನಡೆಯುತ್ತಿದ್ದಿರಬೇಕು.

ಪರ್ಷಿಯಾದ ಕಥೆ ಇಷ್ಟು ಗಟ್ಟಿಯಲ್ಲ, ಆದರೆ ಹೆಚ್ಚು ಮೋಜಿನದು. ಇತಿಹಾಸಕಾರ ಅಲ್-ತಬರಿಯ ಗ್ರಂಥದಲ್ಲಿ, ಭಾರತದ ದೊರೆಯೊಬ್ಬ ಎರಡನೆಯ ಖುಸ್ರುವಿಗೂ ಅವನ ಮಕ್ಕಳಿಗೂ ಪತ್ರ ಮತ್ತು ಕಾಣಿಕೆ ಕಳುಹಿಸಿದ ಪ್ರಸಂಗವಿದೆ. ಆ ದೊರೆಯ ಹೆಸರನ್ನು ಹಸ್ತಪ್ರತಿಯಲ್ಲಿ ಫರ್ಮೀಶ ಎಂಬಂತೆ ಓದಬಹುದು. ಅರಬ್ಬಿ ಲಿಪಿಯಲ್ಲಿ ಪಕಾರವಿಲ್ಲ. ಚುಕ್ಕೆ ಹೆಚ್ಚುಕಡಿಮೆಯಾದರೆ ಅಕ್ಷರವೇ ಬದಲಾಗುತ್ತದೆ. ಜರ್ಮನ್ ವಿದ್ವಾಂಸ ನ್ಯೋಲ್ಡೆಕೆ ಇದು ಪುಲಕೇಶಿಯ ಹೆಸರೇ ಇರಬೇಕೆಂದು ಸೂಚಿಸಿದರು. ಅದಕ್ಕೆ ಜೊತೆಯಾಗಿ, ಅಜಂತಾದ ಒಂದನೆಯ ಗುಹೆಯಲ್ಲಿ ಪರದೇಶಿಯರು ರಾಜಸಭೆಯಲ್ಲಿ ನಿಂತಿರುವ ಚಿತ್ರವೇ ಪುಲಕೇಶಿಯ ಆಸ್ಥಾನದಲ್ಲಿನ ಪರ್ಷಿಯನ್ ರಾಯಭಾರಿಗಳೆಂದು ಬಹುಕಾಲ ಬರೆಯಲಾಯಿತು. ಆ ಗುಹೆ ಪುಲಕೇಶಿಗಿಂತ ಶತಮಾನಕ್ಕೂ ಹಿಂದಿನದೆಂದು ಈಗ ವಿದ್ವಾಂಸರು ಒಪ್ಪಿರುವುದರಿಂದ ಚಿತ್ರದ ಮಾತು ಬಿದ್ದುಹೋಗಿದೆ. ಪತ್ರದ ಮಾತು ಊಹೆಯಾಗಿಯೇ ಉಳಿದಿದೆ. ಆದರೂ ಹಳೆಯ ಪುಸ್ತಕ ನೋಡಿ ಬರೆಯುವ ಭಾಷಣಕಾರರು ಇವೆರಡನ್ನೂ ಇನ್ನೂ ಬಿಟ್ಟಿಲ್ಲ.

ಅಜ್ಜನಿಂದ ಮೊಮ್ಮಗನಿಗೆ

ಈ ಹೆಸರನ್ನು ಹೊತ್ತ ಮೊದಲ ಅರಸ ಸುಮಾರು 540ರಲ್ಲಿ ಆಳ್ವಿಕೆಗೆ ಬಂದವನು. ಬಾದಾಮಿಯ ಬಂಡೆಯ ಮೇಲೆ, ಶಕವರ್ಷ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ತಾನು ಕಟ್ಟಿಸಿದ ಕೋಟೆಯ ವಿಷಯವನ್ನು ಕೆತ್ತಿಸಿದ್ದಾನೆ. ವಿಚಿತ್ರವೆಂದರೆ ಆ ಶಾಸನದಲ್ಲಿ ಅವನ ಹೆಸರೇ ಇಲ್ಲ. ಇರುವುದು ವಲ್ಲಭೇಶ್ವರ ಎಂಬ ಬಿರುದು ಮತ್ತು ಚಲಿಕ್ಯ ಎಂಬ ವಂಶನಾಮ.

ಅವನ ಮಗ ಕೀರ್ತಿವರ್ಮ. ಕೀರ್ತಿವರ್ಮನ ತರುವಾಯ ಅವನ ತಮ್ಮ ಮಂಗಲೇಶ ಆಳಿದನು. ತನ್ನ ಮಗನಿಗೆ ಪಟ್ಟ ಕಟ್ಟಲು ಹವಣಿಸಿದ ಮಂಗಲೇಶನನ್ನು ಎದುರಿಸಿ, ಸುಮಾರು 610ರಲ್ಲಿ ಸಿಂಹಾಸನ ಪಡೆದವನು ಕೀರ್ತಿವರ್ಮನ ಮಗ. ಇವನಿಗೆ ಹುಟ್ಟಿದಾಗ ಇಟ್ಟ ಹೆಸರು ಎರೆಯ ಎಂದಿರಬೇಕೆಂದು ಪೆದ್ದವಡುಗೂರು ಶಾಸನವನ್ನು ಆಧರಿಸಿ ಇತಿಹಾಸಕಾರರು ಊಹಿಸಿದ್ದಾರೆ. ಎರೆಯ ಎಂದರೆ ಒಡೆಯ, ಅಚ್ಚಗನ್ನಡ ಪದ. ಪಟ್ಟವೇರುವಾಗ ಅವನು ಅಜ್ಜನ ಹೆಸರನ್ನು ತಳೆದನು. ಚಿಕ್ಕಪ್ಪನೊಡನೆ ಹೋರಾಡಿ ಗೆದ್ದವನಿಗೆ, ವಂಶದ ಸ್ಥಾಪಕನ ಹೆಸರನ್ನು ಹೊತ್ತುಕೊಳ್ಳುವುದರಲ್ಲಿ ರಾಜಕೀಯ ಪ್ರಯೋಜನವೂ ಇದ್ದೀತು. ಸಿಂಹಾಸನದ ನಿಜವಾದ ವಾರಸುದಾರ ತಾನೆಂದು ಸಾರುವುದಕ್ಕೆ ಇದಕ್ಕಿಂತ ಚಿಕ್ಕ ಘೋಷಣೆ ಮತ್ತಾವುದಿದೆ?

642ರಲ್ಲಿ ಪಲ್ಲವ ನರಸಿಂಹವರ್ಮನ ಸೇನೆ ಬಾದಾಮಿಯನ್ನು ಹಿಡಿಯಿತು. ಇಮ್ಮಡಿ ಪುಲಕೇಶಿಯ ಆಳ್ವಿಕೆ ಅಲ್ಲಿಗೆ ಮುಗಿಯಿತು. ಹೆಸರಿನ ಕಥೆ ಮುಗಿಯಲಿಲ್ಲ. ಅವನ ಮಗನೊಬ್ಬ ಜಯಸಿಂಹವರ್ಮ ಗುಜರಾತಿನ ದಕ್ಷಿಣ ಭಾಗದಲ್ಲಿ ಆಡಳಿತಕ್ಕೆ ನಿಂತನು. ಆ ಶಾಖೆಯಲ್ಲಿ ಜಯಸಿಂಹವರ್ಮನ ಮಗನಿಗೆ ಮತ್ತೆ ಅಜ್ಜನ ಹೆಸರೇ ಬಂದಿತು. ಅವನೇ ಅವನಿಜನಾಶ್ರಯ ಪುಲಕೇಶಿ. ಸಿಂಧದ ಕಡೆಯಿಂದ ಬಂದ ಅರಬ್ಬರ ದಂಡನ್ನು ನವಸಾರಿಯ ಬಳಿ ಸೋಲಿಸಿದವನು ಇವನು. 738–39ರ ಇವನ ತಾಮ್ರಪಟದಲ್ಲಿ ಆ ಯುದ್ಧದ ವರ್ಣನೆಯೂ, ಸಂತುಷ್ಟನಾದ ಬಾದಾಮಿಯ ಅರಸ ಕೊಟ್ಟ ನಾಲ್ಕು ಬಿರುದುಗಳ ಪಟ್ಟಿಯೂ ಇವೆ. ನಮ್ಮ ಪಠ್ಯಪುಸ್ತಕಗಳು ಈ ಮೂರನೆಯವನನ್ನು ಬಹುಮಟ್ಟಿಗೆ ಮರೆತಿರುವುದು ಅನ್ಯಾಯವೇ ಸರಿ. ಪುಲಕೇಶಿ, ಅವನ ಮೊಮ್ಮಗ ಪುಲಕೇಶಿ, ಅವನ ಮೊಮ್ಮಗನೂ ಪುಲಕೇಶಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ, ನಮ್ಮ ಮನೆಗಳಲ್ಲಿ ಇಂದಿಗೂ ಇರುವ ವಾಡಿಕೆಯೇ ಎರಡು ಸಲ ಈ ಹೆಸರನ್ನು ಬದುಕಿಸಿದೆ.

ಹೆಸರು ಏಕೆ ಅಪರೂಪವಾಯಿತು?

ಅದಾದ ಮೇಲೆ ಮೌನ. ಕಲ್ಯಾಣದ ಚಾಲುಕ್ಯರು ತಮ್ಮನ್ನು ಬಾದಾಮಿಯವರ ವಂಶಜರೆಂದೇ ಕರೆದುಕೊಂಡರು. ಇಮ್ಮಡಿ ಪುಲಕೇಶಿಯ ಬಿರುದಾದ ಸತ್ಯಾಶ್ರಯವನ್ನು ತಮ್ಮ ಕುಲದ ಹೆಸರನ್ನಾಗಿಯೇ ಮಾಡಿಕೊಂಡರು. ವಿಕ್ರಮಾದಿತ್ಯರು, ಜಯಸಿಂಹರು ಮತ್ತೆ ಮತ್ತೆ ಬಂದರು. ಆದರೆ ಕಲ್ಯಾಣದ ಸಿಂಹಾಸನವನ್ನು ಪುಲಕೇಶಿ ಎಂಬ ಹೆಸರಿನವರಾರೂ ಏರಲಿಲ್ಲ. ಬಿರುದು ಉಳಿಯಿತು, ಹೆಸರು ಅಳಿಯಿತು.

ಆ ಮೌನಕ್ಕೆ ಭಾಷೆಯಲ್ಲಿಯೇ ಒಂದು ಸಾಕ್ಷಿಯಿದೆ. ಹಳಗನ್ನಡದ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪೆಸರು ಎಂಬುದೇ ಹೆಸರಾಯಿತು. ಪಂಪ ಅಭಿಮಾನದಿಂದ ನೆನೆದ ಪುಲಿಗೆರೆ, ಇಂದಿನ ಲಕ್ಷ್ಮೇಶ್ವರ, ಜನರ ಬಾಯಲ್ಲಿ ಹುಲಿಗೆರೆ ಆಯಿತು. ಪುಲಿಕೇಶಿ ಎಂಬ ಹೆಸರು ಹಳ್ಳಿಹಳ್ಳಿಯ ಬಾಯಲ್ಲಿ ಬಳಕೆಯಾಗಿದ್ದರೆ ಅದೂ ಹುಲಿಕೇಶಿಯೋ ಹೊಲೆಕೇಶಿಯೋ ಆಗಬೇಕಿತ್ತು. ಆಗಲಿಲ್ಲ. ಆ ಶತಮಾನಗಳಲ್ಲಿ ಅದನ್ನು ಕೂಗುವವರು ಇರಲಿಲ್ಲ. ಕಲ್ಲು ಮತ್ತು ತಾಮ್ರಗಳ ಮೇಲೆ ಅದು ತನ್ನ ಹಳೆಯ ಪಕಾರದೊಡನೆ ಮಲಗಿತ್ತು. ಎಬ್ಬಿಸಿದವರು ಹತ್ತೊಂಬತ್ತನೆಯ ಶತಮಾನದ ಶಾಸನತಜ್ಞರು. ಹೀಗಾಗಿ ಇಂದು ಪುಲಕೇಶಿ ಎಂಬ ಹೆಸರುಳ್ಳವರು ಪರಂಪರೆಯಿಂದ ಅದನ್ನು ಪಡೆದವರಲ್ಲ, ಇತಿಹಾಸದ ಪುಸ್ತಕದಿಂದ ಪಡೆದವರು.

ಜನಸಾಮಾನ್ಯರಿಗೆ ಹೆಸರು ತಲುಪಿದ್ದರಲ್ಲಿ ಬೆಳ್ಳಿತೆರೆಯ ಪಾಲು ದೊಡ್ಡದು. 1967ರಲ್ಲಿ ರಾಜ್‌ಕುಮಾರ್ ಅಭಿನಯಿಸಿದ ‘ಇಮ್ಮಡಿ ಪುಲಿಕೇಶಿ’ ಚಿತ್ರ ಬಂದಿತು. ಶೀರ್ಷಿಕೆಯಲ್ಲಿದ್ದುದು ‘ಲಿ’. ಪುಸ್ತಕಗಳ ಪುಲಕೇಶಿಯ ಪಕ್ಕದಲ್ಲಿ ಪುಲಿಕೇಶಿಯೂ ಇಷ್ಟು ಗಟ್ಟಿಯಾಗಿ ನೆಲೆನಿಂತದ್ದಕ್ಕೆ ಆ ಪೋಸ್ಟರುಗಳ ನೆರವೂ ಇದ್ದೀತು. ಬೆಂಗಳೂರಿನ ಫ್ರೇಜರ್ ಟೌನ್ ಪುಲಕೇಶಿನಗರವಾಯಿತು. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಗುರುವಾಗಿದ್ದ ಸ್ಟುವರ್ಟ್ ಫ್ರೇಜರ್ ಹೆಸರು ಹೋಗಿ ಚಾಲುಕ್ಯನ ಹೆಸರು ಬಂದಿತು. 2008ರ ಚುನಾವಣೆಯಿಂದ ಅದೇ ಹೆಸರಿನ ವಿಧಾನಸಭಾ ಕ್ಷೇತ್ರವೂ ಇದೆ. ಆಟೋದವರು ಮಾತ್ರ ಇಂದಿಗೂ ಫ್ರೇಜರ್ ಟೌನ್ ಎಂದರೇ ಬೇಗ ಬರುತ್ತಾರೆ.

ಕಾವೇರಿಯಾಚೆ ಈ ಹೆಸರಿನ ಭಾಗ್ಯ ಬೇರೆ. ಪಲ್ಲವರ ಶತ್ರುವಾದುದರಿಂದ, ಕಲ್ಕಿ ಅವರ ಜನಪ್ರಿಯ ತಮಿಳು ಕಾದಂಬರಿ ‘ಶಿವಕಾಮಿಯಿನ್ ಶಪಥಂ’ನಲ್ಲಿ ಪುಲಿಕೇಶಿ ಪ್ರತಿನಾಯಕ. 2006ರಲ್ಲಿ ವಡಿವೇಲು ನಟಿಸಿದ ಹಾಸ್ಯಚಿತ್ರವೊಂದರಲ್ಲಿ ‘ಇಪ್ಪತ್ತಮೂರನೆಯ ಪುಲಿಕೇಶಿ’ ಪೆದ್ದ ಪಾಳೆಯಗಾರನೊಬ್ಬನ ಹೆಸರು. ತಮಿಳಿನಲ್ಲಿ ಹುಲಿಗೆ ಇಂದಿಗೂ ಪುಲಿ ಎಂದೇ ಹೇಳುವುದರಿಂದ ಅವರ ಕಿವಿಗೆ ಆ ಹೆಸರಿನಲ್ಲಿ ಹುಲಿ ತಾನಾಗಿಯೇ ಕೇಳಿಸುತ್ತದೆ. ನಮಗೆ ಹಳಗನ್ನಡ ನೆನಪಿಸಿಕೊಂಡರೆ ಮಾತ್ರ ಕೇಳಿಸುತ್ತದೆ.

ಮಗನಿಗೆ ಈ ಹೆಸರಿಡಬೇಕೆಂದಿರುವವರು ಯಾವ ರೂಪ ಬರೆಸಬೇಕು? ಶಾಸನನಿಷ್ಠರಾದರೆ ಪೊಲೆಕೇಶಿ ಎನ್ನಬೇಕು. ಆದರೆ ಜನನ ಪತ್ರದಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಪ್ರತಿ ಕಚೇರಿಯಲ್ಲಿಯೂ ಆ ಮಗು ಬೆಳೆದು ದೊಡ್ಡವನಾಗುವವರೆಗೆ ವಿವರಣೆ ಕೊಡುತ್ತಿರಬೇಕಾದೀತು. ಪುಲಕೇಶಿಗೆ ಚೀನೀ ಯಾತ್ರಿಕನ ಬರಹದ ಆಧಾರವೂ, ತಾಮ್ರಪಟಗಳ ಆಧಾರವೂ, ಪಠ್ಯಪುಸ್ತಕಗಳ ಮುದ್ರೆಯೂ ಇವೆ. ಬರೆಯುವುದಕ್ಕೆ ಅದೇ ಕ್ಷೇಮ. ಪುಲಿಕೇಶಿ ಎಂದು ಬರೆಸಿದವರನ್ನು ತಪ್ಪುಗಾರರೆಂದು ಹಳಿಯಬೇಕಾಗಿಲ್ಲ, ಆದರೆ ಹುಲಿಯನ್ನು ಆ ಹೆಸರಿನೊಳಕ್ಕೆ ಬಿಟ್ಟವರು ಬಾದಾಮಿಯ ಅರಸರಲ್ಲ ಎಂಬುದು ಅವರಿಗೆ ತಿಳಿದಿರಲಿ. ಯಾವ ರೂಪವಾದರೂ ‘ಕೇ’ಯನ್ನು ದೀರ್ಘವಾಗಿಯೇ ಬರೆಸಬೇಕು, ಅದೊಂದರಲ್ಲಿ ರವಿಕೀರ್ತಿಯೂ ಫ್ಲೀಟರೂ ಶಾಸ್ತ್ರಿಗಳೂ ಒಂದೇ ಕಡೆ ನಿಂತಿದ್ದಾರೆ.